ಕರಾವಳಿಯಲ್ಲಿ ಬರವೆಂಬುದುಂಟೇ?

ಉಚ್ಚಿಲವು ಪಡುಬಿದ್ರಿಗೂ ಕಾಪುವಿಗೂ ನಡುವೆ ಕಡಲ ತಡಿಯಲ್ಲಿರುವ ಊರು. ಮೊಗವೀರ ಸಮಾಜದವರ ಮಹಾಲಕ್ಷ್ಮೀ ದೇವಸ್ಥಾನದಿಂದ ಈ ಊರಿನ ಹೆಸರು ಜಿಲ್ಲೆಯ ಹೊರಗೂ ಪ್ರಸಿದ್ಧವಾಗಿರುತ್ತದೆ. ಈ ಸೀಮೆಯಲ್ಲಿ ವರ್ಷವೊಂದಕ್ಕೆ ಬೀಳುವ ಮಳೆ 4,000 ಮಿಲಿಮೀಟರಿನ ಆಸುಪಾಸು. ಹಿರಿಯರ ಲೆಕ್ಕದಲ್ಲಿ ನೂರೈವತ್ತು ಇಂಚಿಗಿಂತಲೂ ಮಿಗಿಲು. ಇಂತಹ ನಾಡಿನಲ್ಲಿಯೂ ಪಗ್ಗು ಬೇಶ ತಿಂಗಳುಗಳಲ್ಲಿ ಬಾವಿಯ ತಳ ಕಾಣತೊಡಗಿದಾಗ ‘ಬರ ಬಂದಿತು’ ಎನ್ನುವವರುಂಟು, ‘ಇದು ಬರವಲ್ಲ, ಬರಿಯ ಸೆಕೆ, ನಿಜವಾದ ಬರವನ್ನು ನೋಡಬೇಕಾದರೆ ಘಟ್ಟ ಹತ್ತಬೇಕು’ ಎಂದು ನಗುವವರೂ ಉಂಟು. ಎರಡು ಪಕ್ಷಗಳಲ್ಲಿಯೂ ತಿಳಿದವರಿದ್ದಾರೆ. ವಿವಾದವು ಬರಿಯ ಮಾತಿನದಾಗಿದ್ದರೆ ಅದನ್ನು ಮನೆಯ ಜಗಲಿಗೇ ಬಿಟ್ಟುಬಿಡಬಹುದಾಗಿತ್ತು. ಆದರೆ ಬರವೆಂಬ ಹೆಸರು ದೊರೆತ ತಾಲೂಕಿಗೆ ಪರಿಹಾರವು ದೊರೆಯುವುದೂ ಹೆಸರು ತಪ್ಪಿದ ತಾಲೂಕಿಗೆ ಅದು ತಪ್ಪುವುದೂ ಇರುವುದರಿಂದ, ಈ ಹೆಸರನ್ನು ಯಾರು ಯಾವ ಅಳತೆಯಿಂದ ಕೊಡುತ್ತ ಬಂದರೆಂಬುದನ್ನು ಚರಿತ್ರೆಯಲ್ಲಿ ವಿಚಾರಿಸುವುದು ಯುಕ್ತವಾಗಿ ತೋರುತ್ತದೆ.

ನಮ್ಮ ನುಡಿಯಲ್ಲಿ ಅನಾವೃಷ್ಟಿ, ಬರ, ಕ್ಷಾಮ ಎಂಬ ಮೂರು ಶಬ್ದಗಳು ಒಂದೇ ಅರ್ಥದಲ್ಲಿ ಬಳಕೆಯಾಗುವುದುಂಟು. ಇದರಿಂದಲೇ ಎಷ್ಟೋ ತೊಡಕುಗಳು ಹುಟ್ಟಿವೆ. ಅನಾವೃಷ್ಟಿಯು ಆಕಾಶಕ್ಕೆ ಸಂಬಂಧಿಸಿದುದು. ಮಳೆಮಾಪಕದಿಂದ ಅದನ್ನು ಅಳೆಯಬಹುದು. ಬರವು ನೆಲಕ್ಕೆ ಸಂಬಂಧಿಸಿದುದು; ಪೈರು, ಕೆರೆ, ಬಾವಿಗಳು ಅದಕ್ಕೆ ಸಾಕ್ಷಿ. ಕ್ಷಾಮವಾದರೋ ಮನುಷ್ಯನ ಹೊಟ್ಟೆಗೆ ಸಂಬಂಧಿಸಿದುದು. ಮೊದಲನೆಯದಿಲ್ಲದೆ ಎರಡನೆಯದೂ, ಎರಡನೆಯದಿಲ್ಲದ ಊರಿನಲ್ಲಿ ಮೂರನೆಯದೂ ಬಂದ ನಿದರ್ಶನಗಳಿವೆ. ದಖ್ಖಣದ ಜನರು ಹದಿನಾಲ್ಕನೆಯ ಶತಮಾನದ ಕೊನೆಯ ‘ದುರ್ಗಾದೇವಿ’ ಬರವನ್ನೂ, ಉತ್ತರ ಕರ್ನಾಟಕದವರು 1791-92ರ ‘ಡೋಗಿ ಬರ’ವನ್ನೂ ತಲೆಮಾರುಗಳ ತನಕ ನೆನಪಿನಲ್ಲಿಟ್ಟುಕೊಂಡರು. ಸತ್ತವರ ತಲೆಬುರುಡೆಗಳು ಬಯಲಲ್ಲಿ ಬಿದ್ದಿದ್ದುದರಿಂದ ಎರಡನೆಯದಕ್ಕೆ ಆ ಹೆಸರು ಬಂದಿತೆಂದು ಹೇಳುವರು. ಇಂತಹ ಬರಗಳ ತೀವ್ರತೆಯನ್ನು ಕುರಿತು ಯಾರೂ ಚರ್ಚಿಸಿರಲಾರರು. ಚರ್ಚೆಯು ಹುಟ್ಟಿದ್ದು ಸರಕಾರವೊಂದು ಜನರನ್ನು ಬದುಕಿಸುವ ಹೊಣೆ ತನ್ನದೆಂದು ಒಪ್ಪಿಕೊಳ್ಳತೊಡಗಿದ ಮೇಲೆ. ಒಪ್ಪಿಕೊಂಡ ಹೊಣೆಗೆ ವೆಚ್ಚವೆಷ್ಟೆಂದು ಲೆಕ್ಕ ಹಾಕತೊಡಗಿದ ಮೇಲೆ.

ಆ ಲೆಕ್ಕದ ಮೊದಲ ದೊಡ್ಡ ಪರೀಕ್ಷೆಯು ಧಾತು ಈಶ್ವರ ಸಂವತ್ಸರಗಳ ಕ್ಷಾಮ. 1876ರಲ್ಲಿ ಮುಂಗಾರೂ ಹಿಂಗಾರೂ ಕೈಕೊಟ್ಟುವು. ಬಳ್ಳಾರಿ ಸೀಮೆಯಿಂದ ಮೊದಲ ಕೂಗು ಎದ್ದಿತು. ಮದರಾಸಿನ ಗವರ್ನರರಾಗಿದ್ದ ಬಕಿಂಗ್‌ಹ್ಯಾಮಿನ ಡ್ಯೂಕರು ಸಂಗತಿಯು ಗಂಭೀರವೆಂದು ನಂಬಿ, 30,000 ಟನ್ನು ಧಾನ್ಯವನ್ನು ಗುಟ್ಟಾಗಿ ಕೊಳ್ಳುವ ಏರ್ಪಾಡು ಮಾಡಿದರು. ವೈಸರಾಯ್ ಲಿಟ್ಟನ್ ಪ್ರಭುವಿನ ಸರಕಾರಕ್ಕೆ ಇದು ಸರಿಬೀಳಲಿಲ್ಲ. ಧಾನ್ಯವು ವರ್ತಕರ ಕೆಲಸ, ಸರಕಾರವು ಕೈಹಾಕಿದರೆ ವ್ಯಾಪಾರವು ಕೆಡುವುದೆಂಬುದು ಅವರ ಸಿದ್ಧಾಂತ. 1877ರ ಜನವರಿ 1ರಂದು ದಿಲ್ಲಿಯಲ್ಲಿ ವಿಕ್ಟೋರಿಯಾ ರಾಣಿಯನ್ನು ಚಕ್ರವರ್ತಿನಿಯೆಂದು ಸಾರುವ ದರ್ಬಾರು ನಡೆಯಿತು. ಅದೇ ತಿಂಗಳಲ್ಲಿ ಸರ್ ರಿಚರ್ಡ್ ಟೆಂಪಲರು ಬರದ ತೀವ್ರತೆಯನ್ನು ಪರೀಕ್ಷಿಸುವುದಕ್ಕೂ ವೆಚ್ಚವನ್ನು ಕಡಿಮೆಮಾಡುವುದಕ್ಕೂ ದಕ್ಷಿಣಕ್ಕೆ ಕಳುಹಿಸಲ್ಪಟ್ಟರು.

ಈ ಟೆಂಪಲರ ಪೂರ್ವಚರಿತ್ರೆಯನ್ನು ಅರಿಯದೆ ಅವರ ನಡೆ ಅರ್ಥವಾಗದು. 1873-74ರಲ್ಲಿ ಬಿಹಾರದಲ್ಲಿ ಬರದ ಸೂಚನೆ ಕಂಡಾಗ ಇವರೇ ಬರ್ಮಾದಿಂದ ಹೇರಳವಾಗಿ ಅಕ್ಕಿಯನ್ನು ತರಿಸಿ ಜನರನ್ನು ಉಳಿಸಿದ್ದರು. ಹಸಿವಿನಿಂದ ಸತ್ತವರು ಬಹು ಸ್ವಲ್ಪ. ಅದಕ್ಕೆ ದೊರೆತ ಬಹುಮಾನವೇನೆಂದರೆ, ‘ಇಲ್ಲದ ಬರಕ್ಕೆ ಇಷ್ಟು ಹಣ ಸುರಿದರು’ ಎಂಬ ನಿಂದೆ. ಜನರು ಸಾಯದಿದ್ದುದೇ ಬರವಿರಲಿಲ್ಲವೆಂಬುದಕ್ಕೆ ಪ್ರಮಾಣವಾಯಿತು! ಇಂದಿಗೂ ಈ ತರ್ಕವು ಸತ್ತಿಲ್ಲ. ನೆಟ್ಟಗೆ ಕಟ್ಟಿದ ಸೇತುವೆಯು ಬೀಳದಿರುವುದನ್ನು ನೋಡಿ ನದಿಯಲ್ಲಿ ನೆರೆಯೇ ಬರಲಿಲ್ಲವೆನ್ನುವಂತೆ ಇದು. ಒಮ್ಮೆ ನಿಂದೆಗೊಳಗಾದ ಟೆಂಪಲರು ದಕ್ಷಿಣದಲ್ಲಿ ಅದನ್ನು ತೊಳೆದುಕೊಳ್ಳಲು ಹೊರಟಂತೆ ತೋರುತ್ತದೆ. ಪರಿಹಾರದ ಪಟ್ಟಿಗಳಿಂದ ಲಕ್ಷಾಂತರ ಜನರ ಹೆಸರು ಹೊಡೆದುಹಾಕಲ್ಪಟ್ಟಿತು. ದುಡಿಯುವ ಗಂಡಸಿನ ದಿನದ ಕೂಲಿಯು ಒಂದು ಪೌಂಡು ಧಾನ್ಯ, ಮೇಲೆ ಚಿಲ್ಲರೆ ಕಾಸು, ಇಷ್ಟಕ್ಕೆ ನಿಗದಿಯಾಯಿತು. ಇದಕ್ಕೇ ಚರಿತ್ರಕಾರರು ‘ಟೆಂಪಲ್ ಕೂಲಿ’ ಎನ್ನುವರು.

ಎದುರಾಗಿ ನಿಂತವರು ಮದರಾಸಿನ ಆರೋಗ್ಯಾಧಿಕಾರಿಗಳಾದ ಡಾಕ್ಟರ್ ಕಾರ್ನಿಷರು. ಒಂದು ಪೌಂಡಿನಿಂದ ದುಡಿಯುವ ದೇಹವು ನಿಲ್ಲದು, ಒಂದೂವರೆ ಪೌಂಡಾದರೂ ಬೇಕು, ಮೇಲೆ ಬೇಳೆಯೂ ಬೇಕೆಂದು ಅವರು ವಾದಿಸಿದರು. ಇಲ್ಲಿ ನಮ್ಮ ವಾಚಕರು ಗಮನಿಸಬೇಕಾದುದೊಂದುಂಟು. ಟೆಂಪಲರು ಅಳೆದದ್ದು ಧಾನ್ಯವನ್ನೂ ಹಣವನ್ನೂ. ಕಾರ್ನಿಷರು ಅಳೆಯಹೊರಟದ್ದು ಮನುಷ್ಯನ ಮೈಯನ್ನು. ಇಬ್ಬರೂ ಒಂದೇ ಬರವನ್ನು ನೋಡುತ್ತಿದ್ದರು, ಆದರೆ ಕೈಯಲ್ಲಿದ್ದ ಅಳತೆಗೋಲು ಬೇರೆ. ಕೆಲವು ತಿಂಗಳುಗಳಲ್ಲಿ ಮದರಾಸು ಸರಕಾರವು ಕೂಲಿಯನ್ನು ಏರಿಸಿತು. ಅಷ್ಟರಲ್ಲಿ ಶಿಬಿರಗಳಲ್ಲಿ ಸಾವು ಮಿತಿಮೀರಿದ್ದಿತು. ಬ್ರಿಟಿಷ್ ಪ್ರಾಂತಗಳಲ್ಲಿ ಸತ್ತವರು ಐವತ್ತು ಲಕ್ಷಕ್ಕೂ ಹೆಚ್ಚೆಂದು 1880ರ ಕ್ಷಾಮ ಆಯೋಗವೇ ಎಣಿಸಿತು. ಮೈಸೂರು ಸಂಸ್ಥಾನವು ಆಗ ಬ್ರಿಟಿಷ್ ಕಮಿಷನರರ ಆಡಳಿತದಲ್ಲಿದ್ದಿತು. ಅಲ್ಲಿಯ ಜನಸಂಖ್ಯೆಯು 1871ರಲ್ಲಿ 50,55,412, 1881ರಲ್ಲಿ 41,86,188. ಹತ್ತು ವರ್ಷಗಳಲ್ಲಿ ಬೆಳೆಯಬೇಕಾಗಿದ್ದ ನಾಡು ನೂರಕ್ಕೆ ಹದಿನೇಳರಂತೆ ಕುಗ್ಗಿತು.

ಇದೇ ದಶಕದಲ್ಲಿ ದಕ್ಷಿಣ ಕನ್ನಡ ಜಿಲ್ಲೆಯ ಲೆಕ್ಕವು ಏನೆನ್ನುತ್ತದೆ? 1871ರಲ್ಲಿ 9,18,362, 1881ರಲ್ಲಿ 9,59,514. ನೂರಕ್ಕೆ ನಾಲ್ಕೂವರೆಯಷ್ಟು ಏರಿಕೆ. ಘಟ್ಟದ ಮೇಲೆ ಮನೆಮನೆಯೂ ಬರಿದಾಗುತ್ತಿದ್ದಾಗ ಘಟ್ಟದ ಕೆಳಗೆ ತೊಟ್ಟಿಲು ತೂಗುತ್ತಿದ್ದಿತೆಂದರೆ ಅತಿಶಯೋಕ್ತಿಯಲ್ಲ. ಮಳೆಯು ನಂಬಿಕೆಗೆ ಯೋಗ್ಯವಾದುದರಿಂದ ಈ ಜಿಲ್ಲೆಯಲ್ಲಿ ಕ್ಷಾಮವೆಂಬುದೇ ಅಪರಿಚಿತವೆಂಬರ್ಥದ ಮಾತು ಬ್ರಿಟಿಷರ ಗ್ಯಾಸೆಟಿಯರುಗಳಲ್ಲಿ ಬೇರೂರಿತು. ‘ಇಲ್ಲಿ ಬರವಿಲ್ಲ’ ಎನ್ನುವ ಪಕ್ಷದವರಿಗೆ ಇದಕ್ಕಿಂತ ದೊಡ್ಡ ಆಧಾರವು ಬೇಡ.

ಆಧಾರವು ಸರಿಯಾದುದೇ; ಆದರೆ ಅದು ಹೇಳುವುದು ಕ್ಷಾಮದ ವಿಷಯವನ್ನು ಮಾತ್ರ. ಕೆನರಾ ಸೀಮೆಯು ಬಹುಕಾಲದಿಂದ ಅಕ್ಕಿಯನ್ನು ಹೊರಕ್ಕೆ ಕಳುಹಿಸುತ್ತಿದ್ದ ನಾಡು. ಬಸರೂರು, ಮಂಗಳೂರು ಬಂದರುಗಳ ಅಕ್ಕಿಗಾಗಿ ಪೋರ್ಚುಗೀಸರು ಇಲ್ಲಿಯ ಅರಸರೊಡನೆ ಕಾದಿದರು, ಕೌಲುಗಳನ್ನೂ ಮಾಡಿಕೊಂಡರು. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ; ಅದಕ್ಕೆ ಮುಂಚೆಯೂ ಕಡಲ ದಾರಿ ತೆರೆದೇ ಇದ್ದಿತು. ಇಂತಹ ನಾಡಿನ ನೆರೆಯಲ್ಲಿ ಕ್ಷಾಮವುಂಟಾದರೆ ಅಕ್ಕಿಯ ಧಾರಣೆಯು ಏರುವುದು. ಮಾರಲು ಅಕ್ಕಿಯಿದ್ದ ವರ್ಗದಾರನಿಗೆ ಅದು ಸುಗ್ಗಿ. ಕೊಳ್ಳಬೇಕಾದ ಕೂಲಿಯವನಿಗೂ ಕಡಲನ್ನೇ ನಂಬಿದ ಮೊಗವೀರನಿಗೂ ಅದು ಏನಾಗಿದ್ದೀತೆಂಬುದನ್ನು ಊಹಿಸಬಹುದು. ಜನಗಣತಿಯು ಸತ್ತವರನ್ನೂ ಬದುಕಿದವರನ್ನೂ ಎಣಿಸುತ್ತದೆ, ಅರೆಹೊಟ್ಟೆಯವರನ್ನು ಎಣಿಸುವುದಿಲ್ಲ. ಆಹಾರವು ಇಲ್ಲದಿರುವುದು ಬೇರೆ, ಇರುವ ಆಹಾರವನ್ನು ಪಡೆಯಲಾರದಿರುವುದು ಬೇರೆಯೆಂದು ಅಮರ್ತ್ಯ ಸೇನರು 1981ರ ತಮ್ಮ ಗ್ರಂಥದಲ್ಲಿ ವಿಸ್ತಾರವಾಗಿ ಪ್ರತಿಪಾದಿಸಿದರು. ನಮ್ಮ ಆಟಿ ತಿಂಗಳನ್ನು ಉಂಡವರಿಗೆ ಅದನ್ನು ಗ್ರಂಥದಿಂದ ಕಲಿಯಬೇಕಾಗಿರಲಿಲ್ಲ.

ಆಟಿಯ ವಿಚಾರವು ಇಲ್ಲಿ ಮುಖ್ಯವಾದುದು. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಈ ತಿಂಗಳಲ್ಲಿ ಆಕಾಶವು ಹರಿದು ಬೀಳುವಂತೆ ಮಳೆ ಸುರಿಯುತ್ತದೆ. ತುಳುನಾಡಿನ ಹಸಿವಿನ ತಿಂಗಳು ಇದೇ. ಏಣೆಲಿನ ನಾಟಿ ಮುಗಿದು ಕೂಲಿಯಿಲ್ಲ. ಕಡಲು ಕೆರಳಿ ದೋಣಿಯಿಳಿಸುವಂತಿಲ್ಲ. ಕಣಜವು ತಳ ಮುಟ್ಟಿದೆ. ತಜಂಕಿನ ಸೊಪ್ಪು, ಕೆಸುವಿನ ಎಲೆ, ಕಳಲೆ, ಹೂತಿಟ್ಟ ಹಲಸಿನ ಬೀಜ, ಇವುಗಳಿಂದ ದಿನ ದೂಡುವುದು. ಈಗ ಪೇಟೆಯ ಸಭಾಗೃಹಗಳಲ್ಲಿ ಆಟಿಯ ತಿನಿಸುಗಳ ಪ್ರದರ್ಶನವೇರ್ಪಡಿಸಿ ಬಾಯಿ ಚಪ್ಪರಿಸುವುದು ಬಂದಿದೆ. ಅವು ಒಂದು ಕಾಲದ ಕ್ಷಾಮಾಹಾರವೆಂಬುದು ಮರೆತುಹೋದುದಕ್ಕೆ ಸಂತೋಷಪಡಬೇಕೋ ಏನೋ ತಿಳಿಯದು. ಘಟ್ಟದ ಮೇಲೆ ಹಸಿವೂ ನೀರಡಿಕೆಯೂ ಒಂದೇ ಕಾಲದಲ್ಲಿ ಬರುತ್ತವೆ. ನಮ್ಮಲ್ಲಿ ನೀರಡಿಕೆಗೆ ಬೇಶ, ಹಸಿವಿಗೆ ಆಟಿ, ಬೇರೆ ಬೇರೆ ತಿಂಗಳುಗಳು. ಒಣಗಿದ ಹೊಲ, ಒಣಗಿದ ಕೆರೆ, ಒಣಗಿದ ಮುಖ, ಈ ಮೂರನ್ನೂ ಒಟ್ಟಿಗೆ ಕಂಡರೆ ಮಾತ್ರ ಬರವೆಂದು ಒಪ್ಪುವ ಅಧಿಕಾರಿಯ ಕಣ್ಣಿಗೆ ಕರಾವಳಿಯು ಎಂದೂ ಬರಪೀಡಿತವಾಗಿ ಕಾಣಲಾರದು.

ಕಷ್ಟವನ್ನು ನಂಬಿಸುವ ಪ್ರಯಾಸವು ಈ ಜಿಲ್ಲೆಗೆ ಹೊಸತಲ್ಲ. 1830-31ರಲ್ಲಿ ಕೆನರಾದ ರೈತರು ಊರೂರುಗಳಲ್ಲಿ ‘ಕೂಟ’ ಸೇರಿ, ತೀರ್ವೆಯನ್ನು ಕೊಡಲಾರೆವೆಂದು ಅರ್ಜಿಗಳನ್ನು ಬರೆದುಕೊಂಡರು. ವಿಚಾರಣೆಗಾಗಿ ಬಂದ ಸ್ಟೋಕ್ಸರು ಒಟ್ಟಿನಲ್ಲಿ ತೀರ್ವೆಯು ಭಾರವಾದುದಲ್ಲ, ಗಲಭೆಯ ಹಿಂದೆ ಅಧಿಕಾರಿವರ್ಗದವರ ಒಳಸಂಚೂ ಉಂಟೆಂಬ ಅಭಿಪ್ರಾಯಕ್ಕೆ ಬಂದರು. ಆದರೂ ಆ ಕಾಲದಲ್ಲಿ ವರ್ಗಗಳನ್ನು ಎರಡು ಬಗೆಯಾಗಿ ವಿಂಗಡಿಸಲಾಯಿತು: ಪೂರ್ತಿ ತೀರ್ವೆಯನ್ನು ತಾಳಬಲ್ಲವು ‘ಭರ್ತಿ’, ತಾಳಲಾರದವು ‘ಕಂಭರ್ತಿ’. ಕಂಭರ್ತಿಯಲ್ಲಿಯೂ ಒಳಭಾಗಗಳಿದ್ದುವು, ಇನ್ನೂ ಪರಿಶೀಲಿಸಬೇಕಾದವುಗಳಿಗೆ ‘ತನಿಖಿ’ ಎಂದು ಹೆಸರು. ಇಡೀ ಜಿಲ್ಲೆಗೆ ಕಷ್ಟವಿದೆಯೇ ಇಲ್ಲವೇ ಎಂಬ ಪ್ರಶ್ನೆಗೆ ಉತ್ತರವಿಲ್ಲ, ಒಂದೊಂದು ಹಿಡುವಳಿಯನ್ನು ನೋಡಿಯೇ ಹೇಳಬೇಕೆಂಬ ವಿವೇಕವು ಆ ವಿಂಗಡಣೆಯಲ್ಲಿ ಅಡಗಿದ್ದಿತು. ಅಂದಿನ ಶಾನುಭೋಗರ ಕಡತಗಳನ್ನು ಎಷ್ಟು ನಿಂದಿಸಿದರೂ ಈ ಒಂದು ಅಂಶದಲ್ಲಿ ಅವು ಇಂದಿನ ಉಪಗ್ರಹದ ನಕ್ಷೆಗಳಿಗಿಂತ ಹಿಂದಿರಲಿಲ್ಲ.

ಮುಂಬಯಿ ಪ್ರಾಂತದಲ್ಲಿ, ಎಂದರೆ ಧಾರವಾಡ ವಿಜಾಪುರಗಳೂ ಸೇರಿದ ಸೀಮೆಯಲ್ಲಿ, ಬೆಳೆಯನ್ನು ಆಣೆಯಲ್ಲಿ ಎಣಿಸುವ ಆಣೆವಾರಿಯ ಪದ್ಧತಿಯಿದ್ದಿತು. ಬೆಳೆಯು ರೂಪಾಯಿಗೆ ನಾಲ್ಕಾಣೆಗಿಂತ ಕಡಿಮೆಯಾದರೆ ಆ ವರ್ಷದ ಕಂದಾಯವನ್ನು ತಡೆಹಿಡಿಯಬೇಕು. ಗುಜರಾತಿನ ಖೇಡಾ ಜಿಲ್ಲೆಯಲ್ಲಿ 1918ರಲ್ಲಿ ಗಾಂಧೀಜಿಯವರು ನಡೆಸಿದ ಸತ್ಯಾಗ್ರಹದ ಬೇರು ಇದರಲ್ಲಿಯೇ ಇದೆ. ಬೆಳೆಯು ನಾಲ್ಕಾಣೆಗಿಂತ ಮೇಲೆಂದು ಅಧಿಕಾರಿಗಳು, ಕೆಳಗೆಂದು ರೈತರು. ಒಂದು ಮಹಾ ಹೋರಾಟವು ಎರಡು ಮೂರು ಆಣೆಗಳ ಅಂತರದಿಂದ ಹುಟ್ಟಿತು. ಅಳೆಯುವವನು ಕಂದಾಯವನ್ನು ವಸೂಲು ಮಾಡುವವನೇ ಆಗಿದ್ದರೆ ಅವನ ತಕ್ಕಡಿಯನ್ನು ನಂಬುವವರಾರು ಎಂಬುದೇ ಅಲ್ಲಿಯ ಮೂಲಪ್ರಶ್ನೆ.

1880ರ ಆಯೋಗದ ಶಿಫಾರಸಿನಿಂದ ಹುಟ್ಟಿದ ಕ್ಷಾಮಸಂಹಿತೆಗಳಲ್ಲಿ ಇನ್ನೊಂದು ಉಪಾಯವಿದ್ದಿತು. ಅದಕ್ಕೆ ಪರೀಕ್ಷಾ ಕಾಮಗಾರಿಯೆಂದು ಹೆಸರು. ಸಂದೇಹವಿರುವ ಸೀಮೆಯಲ್ಲಿ ಕಲ್ಲು ಒಡೆಯುವುದೋ ಕೆರೆ ತೋಡುವುದೋ ಮೊದಲಾದ ಕಠಿಣ ಕೆಲಸವನ್ನು ಅತಿ ಕಡಿಮೆ ಕೂಲಿಗೆ ತೆರೆಯುವುದು. ಜನರು ಬಾರದಿದ್ದರೆ ಕ್ಷಾಮವಿಲ್ಲ. ಮುಗಿಬಿದ್ದು ಬಂದರೆ ಕ್ಷಾಮವುಂಟು. ಇದು ಕ್ರೂರವಾದ ಅಳತೆಗೋಲೆಂಬುದರಲ್ಲಿ ಸಂಶಯವಿಲ್ಲ. ಆದರೂ ಆಕಾಶವನ್ನೂ ಆಣೆಯನ್ನೂ ಬಿಟ್ಟು ಮನುಷ್ಯನನ್ನೇ ಕೇಳಿದ ಮೊದಲ ಅಳತೆಯೂ ಇದೇ.

ಈಗಿನ ಕ್ರಮವು ಬೇರೆ. ಕೇಂದ್ರ ಸರಕಾರದ 2016ರ ಬರ ನಿರ್ವಹಣೆಯ ಕೈಪಿಡಿಯಂತೆ ಮೊದಲು ಮಳೆಯ ಕೊರತೆ ಮತ್ತು ಮಳೆಯಿಲ್ಲದೆ ಕಳೆದ ವಾರಗಳು, ಬಳಿಕ ಬಿತ್ತನೆಯಾದ ಪ್ರದೇಶ, ಉಪಗ್ರಹದಿಂದ ಕಂಡ ಹಸಿರು, ಮಣ್ಣಿನ ತೇವ, ಜಲಾಶಯ ಮತ್ತು ಅಂತರ್ಜಲ, ಕೊನೆಗೆ ಹೊಲಗಳಿಗೆ ಹೋಗಿ ಪರಿಶೀಲನೆ. ಇದರ ಮೇಲೆ ಬರವು ‘ಸಾಧಾರಣ’ವೋ ‘ತೀವ್ರ’ವೋ ಎಂದು ನಿರ್ಣಯ. ತೀವ್ರವೆಂದಾದರೆ ಮಾತ್ರ ಕೇಂದ್ರದ ವಿಪತ್ತು ನಿಧಿಯ ಬಾಗಿಲು ತಟ್ಟಬಹುದು. 2023ರಲ್ಲಿ ಈ ಯಂತ್ರಕ್ಕೆ ಒಳ್ಳೆಯ ಕೆಲಸ ದೊರೆಯಿತು. ಮುಂಗಾರು ಕೇರಳವನ್ನು ಮುಟ್ಟಿದ್ದೇ ಜೂನ್ 8ಕ್ಕೆ. ಆಗಸ್ಟ್ ತಿಂಗಳು ದೇಶಕ್ಕೆ 1901ರಿಂದೀಚೆಗೆ ಅತ್ಯಂತ ಒಣ ಆಗಸ್ಟಾಯಿತು. ಸೆಪ್ಟೆಂಬರಿನಲ್ಲಿ ಕರ್ನಾಟಕ ಸರಕಾರವು 195 ತಾಲೂಕುಗಳನ್ನು ಬರಪೀಡಿತವೆಂದು ಸಾರಿತು. ಮುಂದೆ ಅದು 216 ಆಗಿ, 223ಕ್ಕೆ ನಿಂತಿತು. ರಾಜ್ಯದಲ್ಲಿರುವ ತಾಲೂಕುಗಳು 236. ಪೈರು ಹಸಿರಾಗಿ ನಿಂತಿದೆ, ಕಾಳು ಕಟ್ಟಿಲ್ಲ, ಉಪಗ್ರಹಕ್ಕೆ ಹಸಿರು ಮಾತ್ರ ಕಾಣುತ್ತದೆ, ಇದು ‘ಹಸಿರು ಬರ’ ಎಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ವಿವರಿಸಿದರು. ರಾಜ್ಯವು ಕೇಳಿದ್ದು 18,171 ಕೋಟಿ ರೂಪಾಯಿಗಳನ್ನು. ತಿಂಗಳುಗಳು ಕಳೆದುವು, 2024ರ ಮಾರ್ಚಿಯಲ್ಲಿ ವಿವಾದವು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು, ಏಪ್ರಿಲಿನಲ್ಲಿ ಬಂದದ್ದು 3,454 ಕೋಟಿ. ಯಾವ ಪಕ್ಷದ ಲೆಕ್ಕವು ಸರಿಯೆಂಬ ರಾಜಕೀಯಕ್ಕೆ ಈ ಪತ್ರಿಕೆಯಲ್ಲಿ ಸ್ಥಳವಿಲ್ಲ. ಟೆಂಪಲರಿಗೂ ಕಾರ್ನಿಷರಿಗೂ ನಡೆದ ವಾದವೇ ನೂರನಲುವತ್ತೇಳು ವರ್ಷಗಳ ಮೇಲೆ ಬೇರೆ ವೇಷದಲ್ಲಿ ಬಂದಿತೆಂಬುದನ್ನು ಮಾತ್ರ ಹೇಳಬಹುದು. ಒಂದು ಅಂತರವುಂಟು, ಅದು ಸಣ್ಣದಲ್ಲ: ಈ ಸಲ ಯಾರೂ ಹಸಿವಿನಿಂದ ರಸ್ತೆಯ ಬದಿಯಲ್ಲಿ ಬೀಳಲಿಲ್ಲ. ಪಡಿತರದ ಅಕ್ಕಿಯು ಅನಾವೃಷ್ಟಿಗೂ ಕ್ಷಾಮಕ್ಕೂ ಇದ್ದ ನಂಟನ್ನು ಕತ್ತರಿಸಿಹಾಕಿದೆ.

ಇನ್ನು ನಮ್ಮ ಕರಾವಳಿಗೆ ಬರುವೆನು. ಮೇಲಣ ಅಳತೆಗಳೆಲ್ಲ ಬೆಳೆಯ ಬರವನ್ನು ಹಿಡಿಯುವುದಕ್ಕೆ ಮಾಡಿದವು. ಮುಂಗಾರಿನ ಮೇಲೆ ಕಣ್ಣಿಟ್ಟವು. ನಮ್ಮ ಕಷ್ಟವು ಮುಂಗಾರಿನಲ್ಲಿಲ್ಲ. ವರ್ಷದ ಮಳೆಯ ಬಹುಭಾಗವು ಜೂನಿನಿಂದ ಸೆಪ್ಟೆಂಬರಿನೊಳಗೆ ಸುರಿದು, ಮುರಕಲ್ಲಿನ ಗುಡ್ಡಗಳಿಂದ ಇಳಿದು, ಹೆಚ್ಚೆಂದರೆ ಕೆಲವು ದಿನಗಳಲ್ಲಿ ಕಡಲು ಸೇರುತ್ತದೆ. ಘಟ್ಟಕ್ಕೂ ಕಡಲಿಗೂ ಇರುವ ದೂರವೇ ಅಷ್ಟು. ಡಿಸೆಂಬರಿನಿಂದ ಮೇ ತಿಂಗಳ ಕೊನೆಯವರೆಗೆ ನೆಲವು ಹಿಡಿದಿಟ್ಟುಕೊಂಡುದೇ ಗತಿ. ಮಳೆಯು ನೂರಕ್ಕೆ ನೂರು ಬಿದ್ದ ವರ್ಷದಲ್ಲಿಯೂ ಮುಂದಿನ ಮುಂಗಾರು ಹತ್ತು ದಿನ ತಡೆದರೆ ಬಾವಿಗಳು ಬತ್ತುವುವು. 2019ರಲ್ಲಿ ಹಾಗೆಯೇ ಆಯಿತು. ಹಿಂದಿನ 2018ರ ಮುಂಗಾರಿನಲ್ಲಿ ಕೊಡಗಿನ ಗುಡ್ಡಗಳೇ ಕುಸಿಯುವಷ್ಟು ಮಳೆಯಾಗಿದ್ದಿತು. ಮರುವರ್ಷದ ಮೇ ತಿಂಗಳಲ್ಲಿ ಉಡುಪಿ ನಗರಕ್ಕೆ ನೀರುಣಿಸುವ ಸ್ವರ್ಣಾ ನದಿಯ ಬಜೆ ಅಣೆಕಟ್ಟಿನಲ್ಲಿ ನೀರು ತಳಕ್ಕಿಳಿದು, ಬಡಾವಣೆಗಳಿಗೆ ಸರದಿಯಿಂದ ಹಂಚಬೇಕಾಯಿತು. ನೇತ್ರಾವತಿಯಲ್ಲಿ ನೀರು ಕಡಿಮೆಯಾದುದರಿಂದ ಯಾತ್ರಿಕರು ತಮ್ಮ ಪ್ರವಾಸವನ್ನು ಕೆಲವು ದಿನ ಮುಂದೂಡಬೇಕೆಂದು ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು ವಿನಂತಿಸಿಕೊಂಡರು. ಅನ್ನದಾನಕ್ಕೆ ಹೆಸರಾದ ಕ್ಷೇತ್ರವೊಂದು ನೀರಿಲ್ಲವೆಂದು ಅತಿಥಿಗಳನ್ನು ತಡೆಯಬೇಕಾಗಿ ಬಂದುದನ್ನು ‘ಬರಿಯ ಸೆಕೆ’ ಎನ್ನಲಾಗದು.

ಉಚ್ಚಿಲ, ಎರ್ಮಾಳು, ಕಾಪು ಮೊದಲಾದ ಕಡಲಂಚಿನ ಊರುಗಳಲ್ಲಿ ಇನ್ನೊಂದು ತೊಡಕುಂಟು. ಇಲ್ಲಿಯ ಮರಳುನೆಲದ ಅಡಿಯಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಉಪ್ಪುನೀರು ಸ್ವಲ್ಪ ಭಾರವಾದುದರಿಂದ ಇದು ಸಾಧ್ಯ. ಸಮುದ್ರದ ಮಟ್ಟಕ್ಕಿಂತ ಒಂದು ಅಡಿ ಮೇಲೆ ಸಿಹಿನೀರು ನಿಂತಿದ್ದರೆ ಕೆಳಗೆ ಸುಮಾರು 40 ಅಡಿಗಳವರೆಗೆ ಸಿಹಿನೀರೇ ಇರುವುದೆಂದು ಭೂಜಲಶಾಸ್ತ್ರದ ಲೆಕ್ಕ. ಇದರ ಮತ್ತೊಂದು ಮುಖವು ಭಯಂಕರವಾದುದು: ಮೇಲೆ ಒಂದಡಿ ಇಳಿದರೆ, ನೆಲೆಗೊಂಡ ಮೇಲೆ, ಕೆಳಗೆ ಉಪ್ಪು 40 ಅಡಿ ಏರಬಲ್ಲುದು. ಏತದಿಂದ ನೀರೆತ್ತುತ್ತಿದ್ದ ಕಾಲದಲ್ಲಿ ಮನುಷ್ಯನ ತೋಳಿನ ಬಲವೇ ಇದಕ್ಕೊಂದು ಎಲ್ಲೆಯಾಗಿದ್ದಿತು. ವಿದ್ಯುತ್ ಪಂಪಿಗೆ ಅಂತಹ ಎಲ್ಲೆಯಿಲ್ಲ. ಬಾವಿಯಲ್ಲಿ ನೀರಿದೆ, ಕುಡಿಯಲಾಗದು, ಮಳೆಮಾಪಕದಲ್ಲಿ ಕೊರತೆಯಿಲ್ಲ, ಉಪಗ್ರಹಕ್ಕೆ ತೆಂಗಿನ ತೋಟಗಳು ಹಚ್ಚಗೆ ಕಾಣುತ್ತವೆ. ಇದನ್ನು ಯಾವ ಕಲಮಿನಲ್ಲಿ ಬರೆಯಬೇಕು? ಕೊಡ ಹಿಡಿದು ಟ್ಯಾಂಕರಿಗಾಗಿ ಕಾಯುವ ಹೆಂಗಸರ ಹೊತ್ತನ್ನು ಲೆಕ್ಕವಿಡುವ ಕಲಮೂ ಕೈಪಿಡಿಯಲ್ಲಿಲ್ಲ.

ಹೀಗಿರುವುದರಿಂದ ನನ್ನ ಅಭಿಪ್ರಾಯದಲ್ಲಿ ಎರಡು ಪಕ್ಷದವರೂ ಅರ್ಧ ಸರಿ. ಕರಾವಳಿಯಲ್ಲಿ ಬರವಿಲ್ಲವೆನ್ನುವವರು ಕ್ಷಾಮದ ಚರಿತ್ರೆಯನ್ನು ನೋಡಿ ಹೇಳುತ್ತಾರೆ. ಆ ಮಟ್ಟಿಗೆ ಅವರನ್ನು ಅಲ್ಲಗಳೆಯಲಾಗದು. ಧಾತು ಈಶ್ವರದ ಬಳ್ಳಾರಿಯ ಹೆಸರನ್ನು ನಮ್ಮ ಒಂದು ತಿಂಗಳ ಬವಣೆಗೆ ಎರವಲು ತರುವುದು ಆ ಸತ್ತವರಿಗೆ ಮಾಡುವ ಅವಮರ್ಯಾದೆಯೇ ಸರಿ. ಆದರೆ ಹೆಸರು ಹೊಂದದೆಂಬ ಕಾರಣದಿಂದ ಬವಣೆಯೇ ಇಲ್ಲವೆನ್ನುವುದು ಟೆಂಪಲರ ತರ್ಕ. ನಮ್ಮದಕ್ಕೆ ಬೇರೆ ಅಳತೆ ಬೇಕು, ಅದು ಮಳೆಯದಲ್ಲ, ಮೇ ತಿಂಗಳ ಬಾವಿಯದು.

ಹಿಂದಿನವರಿಗೆ ಈ ಅಳತೆಯು ತಿಳಿದೇ ಇದ್ದಿತು. ಬಯಲು, ಮಜಲು, ಬೆಟ್ಟು ಎಂದು ಗದ್ದೆಗಳನ್ನು ವಿಂಗಡಿಸಿದ್ದು ನೀರು ನಿಲ್ಲುವ ಕಾಲವನ್ನು ನೋಡಿ. ಮೂರನೆಯ ಬೆಳೆಯಾದ ಕೊಳಕೆಯನ್ನು ಬಯಲಿನಲ್ಲಿ ಮಾತ್ರ ಬೆಳೆಯುತ್ತಿದ್ದರು. ಮಳೆಗಾಲ ಮುಗಿದು ತೊರೆಗಳು ತೆಳುವಾದೊಡನೆ ಊರವರು ಸೇರಿ ಕಲ್ಲು ಮಣ್ಣುಗಳಿಂದ ಅಡ್ಡಲಾಗಿ ‘ಕಟ್ಟ’ಗಳನ್ನು ಹಾಕುತ್ತಿದ್ದರು, ಮುಂದಿನ ಮಳೆಗೆ ಅವು ಕೊಚ್ಚಿಹೋಗುವುವೆಂದು ತಿಳಿದೇ ಹಾಕುತ್ತಿದ್ದರು. ಗುಡ್ಡದ ಮೇಲೆ ಮದಕಗಳು. ದಕ್ಷಿಣಕ್ಕೆ ಕಾಸರಗೋಡಿನ ಕಡೆ ಮುರಕಲ್ಲನ್ನು ಅಡ್ಡಕ್ಕೆ ಕೊರೆದ ಸುರಂಗಗಳು. ಶ್ರೀಪಡ್ರೆಯವರು ಇವುಗಳನ್ನು ಕುರಿತು ಹಲವು ವರ್ಷಗಳಿಂದ ಬರೆದು ಜನರ ಗಮನಕ್ಕೆ ತಂದಿರುತ್ತಾರೆ. ಕೊಳಕೆಯ ಬೇಸಾಯವು ನಿಂತ ಕಡೆಗಳಲ್ಲಿ ಕಟ್ಟಗಳೂ ನಿಂತುವು. ಅನೇಕ ತೊರೆಗಳಲ್ಲಿ ಈಗ ಕಿಂಡಿ ಅಣೆಕಟ್ಟುಗಳಿವೆ. ಹಲಗೆಗಳನ್ನು ಸಕಾಲದಲ್ಲಿ ಇಳಿಸಿದರೆ ಅವೂ ಒಳ್ಳೆಯವೇ.

ಕೇಂದ್ರ ಅಂತರ್ಜಲ ಮಂಡಳಿಯು ಆಯ್ದ ಬಾವಿಗಳ ಮಟ್ಟವನ್ನು ವರ್ಷಕ್ಕೆ ನಾಲ್ಕು ಸಲ ಅಳೆಯುತ್ತದೆ. ತಾಲೂಕಿಗೆ ಕೆಲವೇ ಬಾವಿಗಳಿಂದ ಕಡಲಂಚಿನ ಒಂದು ಫರ್ಲಾಂಗಿಗೂ ಮುಂದಿನದಕ್ಕೂ ಇರುವ ಅಂತರವು ತಿಳಿಯದು. ನಮ್ಮ ಸಂಘದ ಸದಸ್ಯರ ಮನೆಗಳಲ್ಲಿ ಬಾವಿಯಿಲ್ಲದ ಮನೆ ಕಡಿಮೆ. ತಿಂಗಳಿಗೊಮ್ಮೆ, ಸಂಕ್ರಮಣದ ಬೆಳಗ್ಗೆ, ಪಂಪು ಹಾಕುವುದಕ್ಕೆ ಮುಂಚೆ, ಹಗ್ಗವಿಳಿಸಿ ಕಟ್ಟೆಯಿಂದ ನೀರಿಗೆಷ್ಟು ಕೋಲೆಂದು ಅಳೆದು, ನೀರು ಸಿಹಿಯೋ ಸಪ್ಪೆಯೋ ಉಪ್ಪೋ ಎಂಬುದನ್ನೂ ಸೇರಿಸಿ, ಒಂದು ಪುಸ್ತಕದಲ್ಲಿ ತಾರೀಕು ಸಹಿತ ಬರೆದಿಡಬಹುದು. ತುಲಾ ಸಂಕ್ರಮಣದಿಂದ ಆರಂಭಿಸಿದರೆ ಮಳೆಗಾಲದ ಕೊನೆಯ ಮಟ್ಟವು ಮೊದಲ ಸಾಲಿನಲ್ಲಿಯೇ ದೊರೆಯುತ್ತದೆ.